ಕಸಮ್ ಪೆರೇಡಿಗೆ ಉಡುವುದೇನು?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಉಣ್ಣುವುದನ್ನು ನಮ್ಮ ನಾಲಗೆ ನಿರ್ಧರಿಸಲಿ, ಉಡುವುದನ್ನು ನೋಡುವವರ ಕಣ್ಣು ನಿರ್ಧರಿಸಲಿ ಎಂಬುದು ಅದರ ತಾತ್ಪರ್ಯ. ಮದುವೆ ಮುಂಜಿಗಳಲ್ಲಿ ಈ ಗಾದೆಯಂತೆ ನಡೆಯುವುದು ಕಷ್ಟವಲ್ಲ. ಅಲ್ಲಿ ನೋಡುವವರು ಯಾರು, ಅವರು ಮೆಚ್ಚುವುದೇನು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಮಗನು ಸೈನ್ಯಕ್ಕೆ ಸೇರಿ ಪ್ರಮಾಣವಚನ ಸ್ವೀಕರಿಸುವ ದಿನ, ಅದನ್ನು ಕಣ್ಣಾರೆ ಕಾಣಲು ಹೊರಟ ಮನೆಯವರು ಯಾರ ನೋಟಕ್ಕಾಗಿ ಉಡಬೇಕು?

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನ ಒಂದು ಮನೆಗೆ ಇಂಥ ಆಹ್ವಾನ ಬಂದಿತೆಂದು ಭಾವಿಸೋಣ. ಗಂಡನನ್ನು ಕಳೆದುಕೊಂಡು, ತುಂಡು ಹೊಲದ ರಾಗಿಯಲ್ಲಿಯೂ ಕೂಲಿಯಲ್ಲಿಯೂ ಇಬ್ಬರು ಮಕ್ಕಳನ್ನು ಬೆಳೆಸಿದ ತಾಯಿ. ಹಿರಿಯ ಮಗನು ಅಗ್ನಿವೀರನಾಗಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ್ದಾನೆ. “ನೀನೇ ಹೋಗಿ ಬಾ ಅಣ್ಣಾ, ನನಗೆ ಅಲ್ಲಿಗೆ ಉಡುವಂಥ ಸೀರೆಯಿಲ್ಲ” ಎಂದು ಆಕೆ ತನ್ನ ಅಣ್ಣನಿಗೆ ಹೇಳುತ್ತಾಳೆ. “ಅದಕ್ಕೇನಮ್ಮ, ಸಾಲ ತಂದಾದರೂ ಒಂದು ರೇಷ್ಮೆ ಸೀರೆ ತರೋಣ” ಎಂದು ಅಣ್ಣನ ಸಮಾಧಾನ. ಕಿರಿಯ ಮಗನಿಗೆ ಸಂತೆಯಲ್ಲಿ ಕಂಡ, ಸೈನಿಕರ ಬಟ್ಟೆಯನ್ನೇ ಹೋಲುವ ಚುಕ್ಕೆಚುಕ್ಕೆಯ ಅಂಗಿಯ ಮೇಲೆ ಕಣ್ಣು. ಮೂವರ ಮಾತೂ ಬಟ್ಟೆಯದೇ. ಆದರೆ ಮೂವರ ಮನಸ್ಸಿನಲ್ಲಿರುವುದು ಬೇರೆಬೇರೆ.

ಉಡುಪನ್ನು ಆರಿಸುವ ಮೊದಲು ಸಮಾರಂಭವೆಂಥದೆಂದು ತಿಳಿಯಬೇಕು. ಸೈನ್ಯದವರು ಇದನ್ನು ಕಸಮ್ ಪೆರೇಡ್ ಎನ್ನುತ್ತಾರೆ. ರಾಷ್ಟ್ರಧ್ವಜದ ಎದುರಿನಲ್ಲಿ, ಧರ್ಮಗುರುಗಳ ಸಮ್ಮುಖದಲ್ಲಿ ನೂರಾರು ತರುಣರು ಏಕಕಂಠದಿಂದ ಪ್ರಮಾಣ ಮಾಡುತ್ತಾರೆ. ಆ ಪ್ರಮಾಣದಲ್ಲಿ ಏನಿರಬೇಕೆಂಬುದನ್ನು 1950ರ ಸೇನಾ ಅಧಿನಿಯಮವೇ ವಿಧಿಸಿದೆ: ಸಂವಿಧಾನಕ್ಕೆ ನಿಷ್ಠನಾಗಿರುವುದು, ನೆಲ ಜಲ ವಾಯುಮಾರ್ಗಗಳಲ್ಲಿ ಎಲ್ಲಿಗೆ ಕಳುಹಿಸಿದರೂ ಹೋಗುವುದು, ಪ್ರಾಣಕ್ಕೆ ಅಪಾಯವಿದ್ದರೂ ಮೇಲಧಿಕಾರಿಯ ಆಜ್ಞೆಯನ್ನು ಪಾಲಿಸುವುದು. ನಮ್ಮವರಿಗೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ, ಎ.ಎಸ್.ಸಿ. ಕೇಂದ್ರವೂ, 1780ರಷ್ಟು ಹಿಂದಿನ ಮೂಲವುಳ್ಳ ‘ತಂಬಿ’ಗಳ ಎಂ.ಇ.ಜಿ. ಕೇಂದ್ರವೂ ಬೆಂಗಳೂರಿನಲ್ಲಿಯೇ ಇವೆ. 2023ರ ಜನವರಿ 15ರಂದು ಸೇನಾದಿನದ ಪೆರೇಡು ದೆಹಲಿಯನ್ನು ಬಿಟ್ಟು ಮೊದಲ ಬಾರಿಗೆ ಹೊರಗೆ ನಡೆದುದು ಈ ಎಂ.ಇ.ಜಿ. ಕೇಂದ್ರದ ಮೈದಾನದಲ್ಲಿಯೇ.

ಇನ್ನು ಅಣ್ಣನ ರೇಷ್ಮೆಯ ಮಾತು. ಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟ ಪಕ್ಕದ ತಾಲ್ಲೂಕಿನಲ್ಲಿದೆ. ಹಿಪ್ಪುನೇರಳೆಯ ತೋಟಗಳು ಈ ಸೀಮೆಯಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಆದರೂ ಹುಳು ಸಾಕುವವರ ಮನೆಯಲ್ಲಿ ರೇಷ್ಮೆ ಪೆಟ್ಟಿಗೆಯಿಂದ ಹೊರಬರುವುದು ಮದುವೆಗೆ ಮಾತ್ರ. ಇದ್ದವರು ಉಡಲಿ, ತಪ್ಪೇನೂ ಇಲ್ಲ. ಆದರೆ ಸಾಲದ ರೇಷ್ಮೆಯ ಲೆಕ್ಕ ಬೇರೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ಸೇವಾನಿಧಿಗೆ ಹೋಗಿ ಕೈಗೆ ಬರುವುದು 21,000. ಸೇವೆಯ ಅವಧಿ 4 ವರ್ಷ. ಆಮೇಲೆ ಸೈನ್ಯದಲ್ಲಿ ಉಳಿಸಿಕೊಳ್ಳುವುದು ಶೇಕಡಾ 25ರವರೆಗೆ ಮಾತ್ರ. ಹುಡುಗನು ಪ್ರಮಾಣ ಮಾಡುವ ದಿನವೇ ಅವನ ಹೆಸರಿನಲ್ಲಿ ಮನೆಯವರು ಬಡ್ಡಿಯೊಂದನ್ನು ಬೆಳೆಸುವುದು ಯಾವ ಸಂಭ್ರಮ?

ಹಣದ ಮಾತಿಗಿಂತ ಮಿಗಿಲಾದ ಮಾತೊಂದಿದೆ. ಆ ಮೈದಾನದಲ್ಲಿ ನಿಂತ ಹುಡುಗರಲ್ಲಿ ಯಾರ ಮನೆ ಹೆಂಚಿನದು, ಯಾರದು ತಾರಸಿಯದು ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಒಂದೇ ಬಗೆಯ ಬಟ್ಟೆ ತೊಡಿಸಿ, ಒಂದೇ ಹೆಜ್ಜೆ ಕಲಿಸಿ ಸೈನ್ಯವು ಆ ಭೇದವನ್ನು ಅಳಿಸಿರುತ್ತದೆ. ಅಳಿಸಿದ್ದನ್ನು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಮತ್ತೆ ಬರೆಯುವ ಅಗತ್ಯ ತಾಯಿತಂದೆಗಳಿಗಿಲ್ಲ.

ತಾಯಿಯ ಸಂಕೋಚ ಇವೆಲ್ಲಕ್ಕಿಂತ ಆಳವಾದುದು. ಸೀರೆಯಿಲ್ಲವೆಂಬುದು ಹೊರಗಿನ ಮಾತು. ‘ಶುಭಕಾರ್ಯದಲ್ಲಿ ನನ್ನಂಥವಳು ಮುಂದೆ ನಿಲ್ಲಬಾರದು’ ಎಂಬುದು ಒಳಗಿನ ಮಾತು. ಆಕೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ; ಊರು ಅದನ್ನು ಆಕೆಗೆ ಹೇಳಿಕೊಟ್ಟು ವರ್ಷಗಳಾಗಿವೆ. ಆದರೆ ಆಕೆ ಹೋಗಬೇಕಾಗಿರುವ ಸ್ಥಳದ ರೂಢಿಯೇ ಬೇರೆ. ರಣರಂಗದಲ್ಲಿ ಮಡಿದವರ ಪತ್ನಿಯರನ್ನು ‘ವೀರನಾರಿ’ ಎಂದು ಕರೆದು ಗಣ್ಯರ ಸಾಲಿನಲ್ಲಿ ಕುಳ್ಳಿರಿಸುವುದು ಸೈನ್ಯದ ಪದ್ಧತಿ. ಮಡಿದ ವೀರರ ಶೌರ್ಯಪದಕಗಳನ್ನು ರಾಷ್ಟ್ರಪತಿಗಳು ಅವರ ಕೈಗೇ ಒಪ್ಪಿಸುತ್ತಾರೆ. ಹಲವು ತರಬೇತಿ ಕೇಂದ್ರಗಳಲ್ಲಿ ಪ್ರಮಾಣದ ದಿನ ಯೋಧರ ತಂದೆತಾಯಿಗಳಿಗೆ ‘ಗೌರವ ಪದಕ’ ನೀಡುವ ಕ್ರಮವೂ ಇದೆ. ಹಣೆಯ ಮೇಲೆ ಕುಂಕುಮವಿದೆಯೆ, ಸೀರೆಯ ಬಣ್ಣ ಯಾವುದು ಎಂದು ನೋಡಿ ಅದನ್ನು ಕೊಡುವುದಿಲ್ಲ. ಮಗನನ್ನು ಬೆಳೆಸಿದವರೆಂದು ಕೊಡುತ್ತಾರೆ. ಹಾಗೆ ನೋಡಿದರೆ ಆ ಮೈದಾನದಲ್ಲಿ ಈಕೆಗಿಂತ ಮುಂದೆ ನಿಲ್ಲಬೇಕಾದವರು ಯಾರಿದ್ದಾರೆ? ಬಿಳಿಯದಾಗಲಿ, ಬಣ್ಣದ್ದಾಗಲಿ, ಆಕೆಗೆ ಸಲ್ಲುವ ಸೀರೆಯನ್ನು ಆಕೆಯೇ ಆರಿಸಲಿ. ಬರುವುದೋ ಬಿಡುವುದೋ ಎಂಬುದನ್ನು ಮಾತ್ರ ಊರಿನವರ ಬಾಯಿಗೆ ಬಿಡದಿರಲಿ.

ಕಿರಿಯವನ ಆಸೆಗೆ ಅಡ್ಡಿ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಸೈನಿಕನಲ್ಲದವನು ಆ ಉಡುಪನ್ನು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನಂತೆ ಅಪರಾಧ. ಹಿಂದೆ ದಂಡಸಂಹಿತೆಯ 140ನೆಯ ಕಲಮು ಇದನ್ನೇ ಹೇಳುತ್ತಿತ್ತು. ಅಣ್ಣನ ಮೇಲಿನ ಅಕ್ಕರೆಯಿಂದ ತೊಟ್ಟ ಹುಡುಗನಲ್ಲಿ ಅಂಥ ಉದ್ದೇಶವಿರುವುದಿಲ್ಲ, ನಿಜ. ಆದರೂ ಸೈನ್ಯದ ಬಾಗಿಲಿಗೇ ಆ ವೇಷದಲ್ಲಿ ಹೋಗುವುದು ಸೊಗಸಲ್ಲ. ಅಣ್ಣನು ಬೆವರು ಸುರಿಸಿ ಗಳಿಸಿದ ಬಟ್ಟೆಯನ್ನು ತಮ್ಮನು ಸಂತೆಯಲ್ಲಿ ಕೊಳ್ಳಬಾರದು. ಶಾಲೆಗೆ ತೊಡುವ ಅಂಗಿಯೇ ಅವನಿಗೆ ಚೆಂದ. ಮನೆಯಲ್ಲಿ ನಿವೃತ್ತ ಯೋಧರಿದ್ದರೆ ಅವರ ಮಾತು ಬೇರೆ. ಅವರು ತಾವು ಗಳಿಸಿದ ಪದಕಗಳನ್ನು ಸಾದಾ ಕೋಟಿನ ಎಡ ಎದೆಯ ಮೇಲೆ ಧರಿಸಿ ಬರಬಹುದು.

ಹಾಗಾದರೆ ಉಡುವುದೇನು? ಒಗೆದದ್ದು, ಮಡಿಕೆ ಕೆಡದದ್ದು, ಮೈಗೆ ಒಗ್ಗಿದ್ದು. ಪೆರೇಡು ಬೆಳಗಿನ ಹೊತ್ತಿನದು. ಬಯಲಿನಲ್ಲಿ ಬಹಳ ಹೊತ್ತು ಕುಳಿತಿರಬೇಕು, ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರು. ನಸುಕಿನ ಬಸ್ಸಿನಲ್ಲಿ ಹೊರಟರೆ ಚಳಿಗೆ ಒಂದು ಶಾಲು ಬೇಕು, ಬಿಸಿಲೇರಿದ ಮೇಲೆ ಅದೇ ಶಾಲು ತಲೆಗೂ ಆದೀತು. ಗಂಡಸರಿಗೆ ಬಿಳಿಯ ಪಂಚೆ, ಅಂಗಿ, ಹೆಗಲ ಮೇಲೊಂದು ಶುಭ್ರವಾದ ವಲ್ಲಿ ಸಾಕು. ಹೆಂಗಸರಿಗೆ ನೂಲಿನ ಸೀರೆಯ ಸೆರಗೇ ಲೇಸು. ಪದಕವನ್ನು ಚುಚ್ಚಿದರೆ ನವಿರಾದ ರೇಷ್ಮೆಯಂತೆ ಎಳೆ ಬಿಡುವುದಿಲ್ಲ. ಹೊಸ ಚಪ್ಪಲಿ ಕಚ್ಚುತ್ತದೆ. ಹಳೆಯದನ್ನೇ ಒರೆಸಿ ಮೆಟ್ಟಿಕೊಳ್ಳುವುದು ಮೇಲು. ಬಾಗಿಲಲ್ಲಿ ತಪಾಸಣೆಯಿರುವುದರಿಂದ ಗುರುತಿನ ಚೀಟಿ ಕೈಗೆಟಕುವಲ್ಲಿರಲಿ. ಇದೇ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮುಪ್ಪಿನಲ್ಲಿಯೂ ಉಡುಪಿನ ಅಚ್ಚುಕಟ್ಟಿಗೆ ಹೆಸರಾಗಿದ್ದರು; ಅಚ್ಚುಕಟ್ಟೆಂಬುದು ಬೆಲೆಯ ಮಾತಲ್ಲವೆಂದು ಈ ಸೀಮೆಯವರಿಗೆ ಬೇರೆ ಹೇಳಬೇಕೆ?

ಕೊನೆಗೆ ಉಳಿಯುವುದು ನೋಟದ ಪ್ರಶ್ನೆ. ಪೆರೇಡು ಸಾಗುವಾಗ ತಾಯಿಗೆ ತನ್ನ ಮಗನ ಗುರುತು ಹತ್ತುವುದು ಕಷ್ಟ. ತಲೆಗೂದಲು ಕತ್ತರಿಸಿದೆ, ಮೈ ಬಿಸಿಲಿಗೆ ಕಂದಿದೆ, ಎಲ್ಲರದೂ ಒಂದೇ ಉಡುಪು, ಒಂದೇ ಹೆಜ್ಜೆ. ಗುರುತು ಹಿಡಿಯಬೇಕಾದವನು ಅವನೇ. ಪೆರೇಡು ಮುಗಿದು ಮನೆಯವರನ್ನು ಕಾಣಲು ಬಿಟ್ಟೊಡನೆ, ಆ ಜನಸಂದಣಿಯಲ್ಲಿ ಅವನ ಕಣ್ಣು ಹುಡುಕುವುದು ತಾನು ಎಂದೂ ಕಾಣದ ಜರಿಯಂಚನ್ನಲ್ಲ. ಊರಿನ ಬಸ್ಸು ಹತ್ತಿದ ದಿನ ಹಿಂತಿರುಗಿ ನೋಡಿದಾಗ ಕಂಡಿದ್ದ ಸೀರೆಯನ್ನು. ಅದು ಪೆಟ್ಟಿಗೆಯಲ್ಲಿಯೇ ಇದೆ. ಒಗೆದು ಮಡಿಸಿಟ್ಟರೆ ಸಾಕು.