ಹಳೆಯ ಗಣಕವೂ ಹೊಸ ಗಣಕವೂ ಮಾತು ಬಿಟ್ಟಾಗ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳಲ್ಲಿ ತಾಲ್ಲೂಕು ಕಚೇರಿಯ ಆಸುಪಾಸಿಗೆ ಹೋದವರಿಗೆ ಅರ್ಜಿ ಟೈಪು ಮಾಡಿಕೊಡುವ ಅಂಗಡಿಗಳೂ ವಕೀಲರ ಕೊಠಡಿಗಳೂ ಕಣ್ಣಿಗೆ ಬೀಳದೆ ಇರವು. ೨೦೦೦ದ ಆಸುಪಾಸಿನಲ್ಲಿ ಸರ್ಕಾರವು ‘ಭೂಮಿ’ ಯೋಜನೆಯಿಂದ ಪಹಣಿಯನ್ನು ಕೈಬರಹದ ಪುಸ್ತಕದಿಂದ ಗಣಕಯಂತ್ರಕ್ಕೆ ಏರಿಸಿತು. ಅಲ್ಲಿಂದೀಚೆಗೆ ನಮ್ಮ ಜನರ ವಿಭಾಗಪತ್ರ, ಕ್ರಯಪತ್ರ, ಅಂಗಡಿಯ ಲೆಕ್ಕ ಎಲ್ಲವೂ ಒಂದೊಂದಾಗಿ ಆ ಯಂತ್ರದ ಹೊಟ್ಟೆಯನ್ನು ಸೇರಿವೆ. ಕಾಗದವು ಹಳೆಯದಾದರೆ ಹಳದಿಯಾಗುವುದು, ಆದರೂ ಓದಲು ಬರುವುದು. ಗಣಕವು ಹಳೆಯದಾದರೆ ಹಾಗಲ್ಲ. ಅದು ಹೊಸ ನೆಂಟರೊಡನೆ ಮಾತನ್ನೇ ಬಿಟ್ಟುಬಿಡುವುದು. ಈ ತಿಂಗಳು ನಮ್ಮ ವಾಚಕರ ಮುಂದೆ ಆ ವಿಷಯವನ್ನೇ ಇಡುತ್ತೇವೆ.

ಹೀಗೆಂದು ಊಹಿಸಿಕೊಳ್ಳಿರಿ. ಮಳವಳ್ಳಿಯ ಪೇಟೆಯಲ್ಲಿ ತಂದೆಯವರದೊಂದು ಚಿಕ್ಕ ಕಚೇರಿ. ಅಲ್ಲಿ ‘ವಿಂಡೋಸ್ ಎಕ್ಸ್‌ಪಿ’ಯುಳ್ಳ ಹಳೆಯ ಗಣಕವೊಂದು ಹದಿನೈದು ವರ್ಷಗಳಿಂದ ದುಡಿಯುತ್ತಿದೆ, ಪ್ರಿಂಟರು ಅದಕ್ಕೇ ಜೋಡಿಸಿದೆ. ಬೆಂಗಳೂರಿನಿಂದ ಮಗಳು ಹೊಸ ಗಣಕವನ್ನು ತಂದಿಡುತ್ತಾಳೆ. ಎರಡಕ್ಕೂ ತಂತಿ ಕೂಡಿಸಿದ್ದಾಯಿತು. ಆದರೂ ಹೊಸದರಿಂದ ಹಳೆಯದರ ಕಡತವು ತೆರೆಯದು, ಪ್ರಿಂಟರು ಕಾಣದು. ತಂದೆಯವರು ಹೊಸ ಯಂತ್ರವನ್ನು ಶಂಕಿಸುತ್ತಾರೆ, ಮಗಳು ಹಳೆಯದನ್ನು. ನಿಜದಲ್ಲಿ ಎರಡೂ ಕೆಟ್ಟಿಲ್ಲ. ಎರಡರ ಭಾಷೆಯೇ ಬೇರೆಯಾಗಿದೆ.

ವಿಂಡೋಸ್ ಗಣಕಗಳು ತಮ್ಮತಮ್ಮೊಳಗೆ ಕಡತವನ್ನು ಕೊಟ್ಟು ತೆಗೆದುಕೊಳ್ಳುವ ಭಾಷೆಗೆ ‘ಎಸ್‌ಎಮ್‌ಬಿ’ ಎಂದು ಹೆಸರು. ಎಕ್ಸ್‌ಪಿಗೆ ಅದರ ಮೊದಲನೆಯ ಆವೃತ್ತಿಯೊಂದೇ ಗೊತ್ತು. ಆ ಆವೃತ್ತಿಯಲ್ಲಿದ್ದ ಒಂದು ಬಿರುಕನ್ನು ಹಿಡಿದು ೨೦೧೭ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ಮಾರಿಯು ಲೋಕದ ಬಹು ದೇಶಗಳಿಗೆ ಹಬ್ಬಿತು. ಕಡತಗಳಿಗೆ ಬೀಗ ಜಡಿದು, ಬೀಗದ ಕೈಗೆ ಹಣ ಕೇಳುವುದು ಅದರ ಕಸುಬು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಬಿರುಕನ್ನು ಮುಚ್ಚುವ ತೇಪೆಯನ್ನು ಎರಡು ತಿಂಗಳು ಮೊದಲೇ ಮೈಕ್ರೋಸಾಫ್ಟ್ ಸಂಸ್ಥೆಯು ಕೊಟ್ಟಿದ್ದಿತು. ಹಾಕಿಕೊಳ್ಳದೆ ಉಳಿದವರೇ ಸಿಕ್ಕಿಬಿದ್ದರು. ಎಕ್ಸ್‌ಪಿಗಾದರೋ ೨೦೧೪ರ ಏಪ್ರಿಲ್ ೮ರಂದೇ ಕ್ರಮವಾದ ಆರೈಕೆ ನಿಂತಿದ್ದಿತು. ೨೦೧೭ರ ಕೊನೆಯಿಂದೀಚೆಗೆ ಹೊಸ ವಿಂಡೋಸ್‌ಗಳು ಆ ಹಳೆಯ ಭಾಷೆಯನ್ನು ಕ್ರಮೇಣ ಮರೆತವು; ಬೇಕೆಂದೇ ಮರೆತವು.

ಇಲ್ಲಿಯೇ ಅಪಾಯವಿರುವುದು. ‘ಹೊಸ ಗಣಕದಲ್ಲಿ ಹಳೆಯ ಭಾಷೆಯನ್ನು ಮತ್ತೆ ಎಬ್ಬಿಸಿರಿ, ಕಾವಲುಗೋಡೆಯನ್ನು ಆರಿಸಿರಿ, ಪಾಸ್‌ವರ್ಡನ್ನು ತೆಗೆದುಹಾಕಿರಿ’ ಎಂದು ಉಪದೇಶಿಸುವವರು ಎಲ್ಲೆಲ್ಲಿಯೂ ಉಂಟು. ಹಾಗೆ ಮಾಡಿದರೆ ಐದು ನಿಮಿಷದಲ್ಲಿ ಕೆಲಸವಾಗುವುದೂ ಉಂಟು. ಆದರೆ ಅದು ಹಿತ್ತಿಲ ಬಾಗಿಲು ಕಿರಿದಾಯಿತೆಂದು ಹೆಬ್ಬಾಗಿಲನ್ನು ಕಿತ್ತಂತೆ. ಒಂದೇ ಒಂದು ಕೆಟ್ಟ ಕಡತವು ಒಳಹೊಕ್ಕರೆ, ಹಳೆಯದು ಹೊಸದು ಎರಡರಲ್ಲಿರುವ ಕಾಗದಪತ್ರಗಳೂ ಒಟ್ಟಿಗೆ ಹೋಗುವುವು. ಅವು ತಂದೆಯವರ ಸ್ವಂತದ್ದಾದರೂ ಆಗಲಿ, ಬಿಡಬಹುದು. ಅವುಗಳಲ್ಲಿ ಹತ್ತು ಹಳ್ಳಿಗಳ ರೈತರು ನಂಬಿ ಕೊಟ್ಟ ಬರಹಗಳಿರುತ್ತವೆ.

ಹಾಗಾದರೆ ಮಾಡತಕ್ಕದ್ದೇನು? ಎಲ್ಲಕ್ಕಿಂತ ಮೊದಲು, ದೋಷವನ್ನು ಹುಡುಕುವುದಕ್ಕೂ ಮೊದಲು, ಹಳೆಯ ಗಣಕದ ಕಡತಗಳನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಮುದಿ ಯಂತ್ರವು ಎಂದು ನಿಲ್ಲುವುದೆಂದು ಹೇಳಬಲ್ಲವರಾರು? ಹೊಸ ಗಣಕಕ್ಕೆ ಆ ಡಿಸ್ಕನ್ನು ಹಾಕಿದೊಡನೆ ವೈರಸ್ ಪರೀಕ್ಷೆ ಮಾಡಿಸಿ, ಬಳಿಕವೇ ಕಡತಗಳನ್ನು ಇಳಿಸಿಕೊಳ್ಳಬೇಕು. ಹಳೆಯ ಲೆಕ್ಕದ ತಂತ್ರಾಂಶಕ್ಕಾಗಿ ಎಕ್ಸ್‌ಪಿಯು ಬೇಕೇ ಬೇಕೆಂದರೆ ಇರಲಿ. ಆದರೆ ಅಂತರಜಾಲದ ತಂತಿಯನ್ನು ಕಳಚಿ, ವಾನಪ್ರಸ್ಥದಲ್ಲಿರಿಸುವುದು ಕ್ಷೇಮ.

ಹಳೆಯ ಗಣಕವು ‘ವಿಂಡೋಸ್ ೭’ ಆಗಿದ್ದರೆ ಮಾತು ಬೇರೆ. ಅದಕ್ಕೆ ಎರಡನೆಯ ಆವೃತ್ತಿಯ ಭಾಷೆ ಬರುತ್ತದೆ. ಹೊಸದರೊಡನೆ ಸಂಸಾರ ಸಾಗುವುದು. ಅದರ ಆರೈಕೆಯೂ ೨೦೨೦ರ ಜನವರಿಯಲ್ಲಿ ನಿಂತಿರುವುದರಿಂದ ಎಚ್ಚರವು ಮಾತ್ರ ತಪ್ಪಬಾರದು. ಆಗಲೂ ಕಡತ ಕಾಣದಿದ್ದರೆ ನಾಲ್ಕು ಅಂಶಗಳನ್ನು ಕ್ರಮವಾಗಿ ನೋಡಬೇಕು. ಮೊದಲನೆಯದು, ಎರಡೂ ಒಂದೇ ರೂಟರಿಗೆ ಸೇರಿವೆಯೇ ಎಂಬುದು. ಎರಡನೆಯದು, ಹೊಸ ಗಣಕವು ಆ ಜಾಲವನ್ನು ‘ಸಾರ್ವಜನಿಕ’ ಎಂದು ಎಣಿಸಿದೆಯೇ, ‘ಖಾಸಗಿ’ ಎಂದೇ ಎಂಬುದು. ಸಾರ್ವಜನಿಕವೆಂದಿದ್ದರೆ ಅದು ಸಂತೆಯಲ್ಲಿ ನಿಂತವರಂತೆ ಯಾರಿಗೂ ಮುಖ ತೋರದು. ಮೂರನೆಯದು, ರೂಟರು ದಿನಕ್ಕೊಂದು ವಿಳಾಸವನ್ನು ಹಂಚುತ್ತಿದೆಯೇ ಎಂಬುದು. ನಿನ್ನೆ ಸಿಕ್ಕಿದವರು ಇಂದು ಸಿಗದಿರುವುದಕ್ಕೆ ಇದೇ ಕಾರಣವಾಗಿರಬಹುದು, ವಿಳಾಸವನ್ನು ಸ್ಥಿರಗೊಳಿಸಿದರೆ ಸರಿ. ನಾಲ್ಕನೆಯದು, ಪಾಸ್‌ವರ್ಡು. ಹೊಸ ಗಣಕವನ್ನು ತೆರೆಯುವಾಗ ಒತ್ತುವ ನಾಲ್ಕಂಕೆಯ ಪಿನ್ನು ಈ ಕೆಲಸಕ್ಕೆ ನಡೆಯದು; ಖಾತೆಯ ಪೂರ್ಣ ಪಾಸ್‌ವರ್ಡೇ ಬೇಕು. ೨೦೨೪ರ ವಿಂಡೋಸ್ ೧೧ರ ಕಚೇರಿಯ ಆವೃತ್ತಿಗಳಂತೂ ಪಾಸ್‌ವರ್ಡಿಲ್ಲದ ಅತಿಥಿಯನ್ನು ತಾವಾಗಿಯೇ ಹೊಸ್ತಿಲಲ್ಲಿ ತಡೆಯುತ್ತವೆ. ಹಂಚುವ ಕೆಲಸಕ್ಕೆಂದೇ ಒಂದು ಬೇರೆ ಖಾತೆಯನ್ನು ತೆರೆದು, ಒಂದೇ ಒಂದು ಸಂಪುಟವನ್ನು ಅದಕ್ಕೆ ಬಿಟ್ಟುಕೊಡುವುದು ಉತ್ತಮ.

ಇನ್ನು ಪ್ರಿಂಟರಿನ ಸಂಗತಿ. ೨೦೨೧ರಲ್ಲಿ ವಿಂಡೋಸಿನ ಮುದ್ರಣ ವಿಭಾಗದಲ್ಲಿ ದೊಡ್ಡ ದೋಷವೊಂದು ಬಯಲಾಗಿ, ತೇಪೆ ಹಾಕಲಾಯಿತು. ಆಮೇಲೆ ತೇಪೆ ಬಿದ್ದ ಗಣಕಕ್ಕೂ ಬೀಳದ ಗಣಕಕ್ಕೂ ಪ್ರಿಂಟರು ಹಂಚಿಕೊಳ್ಳುವಾಗ ಜಗಳ ಹುಟ್ಟಿ, ‘೧೧ಬಿ’ ಎಂದು ಮುಗಿಯುವ ದೋಷಸಂಖ್ಯೆ ಎಷ್ಟೋ ಕಡೆ ಕಾಣಿಸಿಕೊಂಡಿತು. ತೇಪೆಯನ್ನು ಕಿತ್ತುಹಾಕುವುದು ಮದ್ದಲ್ಲ. ಎರಡು ಕಡೆಯೂ ಹಾಕುವುದೇ ಮದ್ದು. ಅದಕ್ಕಿಂತ ಸುಲಭವಾದ ದಾರಿ ಇನ್ನೊಂದಿದೆ. ಪ್ರಿಂಟರಿಗೆ ಜಾಲದ ತಂತಿಯ ಕಿಂಡಿಯಿದ್ದರೆ ಅದನ್ನು ನೇರವಾಗಿ ರೂಟರಿಗೇ ಕೂಡಿಸಬೇಕು. ಆಗ ಯಾವ ಗಣಕವೂ ಇನ್ನೊಂದರ ಮರ್ಜಿ ಕಾಯಬೇಕಾಗಿಲ್ಲ. ಕಿಂಡಿಯಿಲ್ಲದಿದ್ದರೆ, ಹೊಸ ಗಣಕಕ್ಕೆ ತಕ್ಕ ಚಾಲಕ ತಂತ್ರಾಂಶವು ಸಿಗುವುದಾದರೆ, ಪ್ರಿಂಟರನ್ನು ಹೊಸದಕ್ಕೇ ಜೋಡಿಸುವುದು ಲೇಸು. ಎಕ್ಸ್‌ಪಿಗಾಗಿ ಬರೆದ ಮೂವತ್ತೆರಡು ಬಿಟ್ಟಿನ ಚಾಲಕವು ಅರುವತ್ತನಾಲ್ಕು ಬಿಟ್ಟಿನ ಹೊಸ ಗಣಕಕ್ಕೆ ಒಗ್ಗದೆಂಬುದನ್ನು ನೆನಪಿಡಬೇಕು.

ಕಡತವು ಬಂದು ತಲುಪಿದರೂ ಕನ್ನಡಿಗರಿಗೆ ಇನ್ನೊಂದು ಕಷ್ಟ ಕಾದಿರುವುದು. ತೆರೆದು ನೋಡಿದರೆ ಕನ್ನಡದ ಬದಲು ಅರ್ಥವಿಲ್ಲದ ಪರಲಿಪಿಯ ಸಾಲುಗಳು! ಕಡತವು ಕೆಟ್ಟಿತೆಂದು ಹೆದರಿ ಅಳಿಸಿಬಿಡಬಾರದು. ಹಿಂದೆ ‘ನುಡಿ’, ‘ಬರಹ’ಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದಾಗ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಲಾಗುತ್ತಿದ್ದಿತು. ಆ ಫಾಂಟು ಇಲ್ಲದ ಗಣಕಕ್ಕೆ ಮನೆಯ ಮೂಲ ಯಜಮಾನನೇ ಕಾಣುವುದು. ಯೂನಿಕೋಡಿನಲ್ಲಾದರೋ ಕನ್ನಡಕ್ಕೆ ೧೯೯೧ರಿಂದಲೇ ಸ್ವಂತ ಮನೆಯಿದೆ. ನುಡಿ, ಬರಹ ಎರಡರಲ್ಲಿಯೂ ಇರುವ ಪರಿವರ್ತಕದಿಂದ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬಹುದು. ಬದಲಿಸಿದ ಮೇಲೆ ಒತ್ತಕ್ಷರಗಳನ್ನೂ, ಸರ್ವೆ ನಂಬರು, ಎಕರೆ ಗುಂಟೆಗಳ ಅಂಕೆಗಳನ್ನೂ ಒಮ್ಮೆ ಕಣ್ಣಾರೆ ತಾಳೆ ನೋಡಬೇಕು, ಮೂಲವನ್ನೂ ಉಳಿಸಿಕೊಳ್ಳಬೇಕು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಂಥ ಉಗ್ರ ಶಕ್ತಿಯನ್ನು ಮನೆಯ ದೀಪಕ್ಕೆ ಯಾರೂ ನೇರವಾಗಿ ಕೊಡುವುದಿಲ್ಲ. ನಡುವೆ ಟ್ರಾನ್ಸ್‌ಫಾರ್ಮರನ್ನು ನಿಲ್ಲಿಸಿ, ಪಳಗಿಸಿ ಕೊಡುತ್ತಾರೆ. ಹಳೆಯ ಗಣಕಕ್ಕೂ ಹೊಸದಕ್ಕೂ ನಡುವೆ ಅಂಥದೊಂದು ಮಧ್ಯಸ್ಥಿಕೆಯೇ ಬೇಕಾದುದು: ಪರೀಕ್ಷಿಸಿದ ನಕಲು, ಸ್ವತಂತ್ರವಾಗಿ ನಿಂತ ಪ್ರಿಂಟರು, ಅಕ್ಷರದ ಪರಿವರ್ತಕ. ಹೊಸದರ ಬೀಗವನ್ನು ಒಡೆಯದೆ ಹಳೆಯದರ ಸಂಪತ್ತನ್ನು ಈಚೆಗೆ ತರುವವರೇ ಜಾಣರು. ವಾಚಕರು ಈ ಭಾನುವಾರವೇ ಒಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟು, ಮೊದಲ ನಕಲನ್ನಾದರೂ ಮಾಡಿಟ್ಟುಕೊಳ್ಳಲೆಂದು ನಾವು ಹಾರೈಸುತ್ತೇವೆ.