ಸಂಘದ ಅಂಚೆಗೆ ಸಂಘದ ಹೆಸರು

ಸಂಘಸಂಸ್ಥೆಗಳ ಈ-ಮೇಲ್ ವಿಳಾಸವು ಆಯಾ ಸಂಸ್ಥೆಯ ಸ್ವಂತ ಡೊಮೈನ್ ಹೆಸರಿನಲ್ಲಿಯೇ ಇರತಕ್ಕದ್ದೆಂದು ನಾನು ಹೇಳಿದಾಗಲೆಲ್ಲ, “ಉಚಿತವಾಗಿ ದೊರೆಯುವ ವಿಳಾಸವೇ ಸಾಕು, ಸ್ವಂತದ್ದು ಮೊಬೈಲಿನಲ್ಲಿ ಕೂಡುವುದೇ ಇಲ್ಲ” ಎಂಬ ಉತ್ತರವು ಸಿದ್ಧವಾಗಿರುತ್ತದೆ. ಈ ಪೂರ್ವಪಕ್ಷವು ಎಷ್ಟುಮಟ್ಟಿಗೆ ನಿಲ್ಲುವುದೆಂಬುದನ್ನು ವಾಚಕ ಮಹಾಶಯರು ಪರೀಕ್ಷಿಸಬೇಕು.

ನಾನು ಸದಸ್ಯನಾಗಿದ್ದ ಒಂದು ಸಂಘದ ಪತ್ರವ್ಯವಹಾರವೆಲ್ಲವೂ ಕಾರ್ಯದರ್ಶಿಗಳ ಖಾಸಗಿ ವಿಳಾಸಕ್ಕೆ ಬರುತ್ತಿದ್ದಿತು. ಅವರು ದೈವಾಧೀನರಾದರು. ಪಾಸ್‌ವರ್ಡನ್ನು ಬಲ್ಲವರು ಮತ್ತಾರೂ ಇರಲಿಲ್ಲ. ಲೇಖಕರು ಕಳುಹಿದ ಬರೆಹಗಳು, ಚಂದಾದಾರರ ವಿಳಾಸಗಳು, ಹಲವು ವರ್ಷಗಳ ಕಾಗದಗಳು, ಎಲ್ಲವೂ ಬೀಗವಿಕ್ಕಿದ ಮನೆಯಲ್ಲಿಯೇ ಉಳಿದುವು. ದೋಷವು ಮೃತರದಲ್ಲ, ಸಂಘದ ಸೊತ್ತನ್ನು ಒಬ್ಬರ ಜೇಬಿನಲ್ಲಿರಿಸಿ ನಿಶ್ಚಿಂತರಾಗಿದ್ದ ನಮ್ಮೆಲ್ಲರದು.

1971ರಲ್ಲಿ ರೇ ಟಾಮ್ಲಿನ್‌ಸನ್ನರು ಆ್ಯಟ್ ಚಿಹ್ನೆಯನ್ನು ಆರಿಸಿಕೊಂಡಂದಿನಿಂದ ಈ ವಿಳಾಸಕ್ಕೆ ಎರಡು ಅಂಗಗಳಿವೆ: ಎಡಗಡೆ ವ್ಯಕ್ತಿ, ಬಲಗಡೆ ಮನೆ. ಉಚಿತ ವಿಳಾಸದಲ್ಲಿ ಮನೆಯು ಪರರದು. ಸ್ವಂತ ಡೊಮೈನಿನಲ್ಲಾದರೋ ಮನೆಯು ಸಂಘದ ಅಧೀನ. ಕಾರ್ಯದರ್ಶಿಗಳು ಬದಲಾದರೆ ಪಾಸ್‌ವರ್ಡನ್ನು ಬದಲಾಯಿಸಿದರಾಯಿತು. ಅಂಚೆಯನ್ನು ನೋಡಿಕೊಳ್ಳುವ ಕಂಪನಿಯು ಸರಿಬೀಳದಿದ್ದರೆ, ಹಳೆಯ ಕಾಗದಗಳನ್ನು ಸಾಗಿಸಿಕೊಂಡು, ಡೊಮೈನಿನ ಎಂಎಕ್ಸ್ ದಾಖಲೆಯನ್ನು ತಿದ್ದಿ ಬೇರೊಂದು ಕಂಪನಿಗೆ ಹೋಗಬಹುದು. ವಿಳಾಸವು ಮಾತ್ರ ಬದಲಾಗದು.

ಇನ್ನು ಮೊಬೈಲಿನ ಮಾತು. ಕೂಡುವುದಿಲ್ಲವೆನ್ನುವವರಲ್ಲಿ ಹಲವರು ಎಡವುವುದು ಮೂರೇ ಸ್ಥಳಗಳಲ್ಲಿ. ಖಾತೆಯನ್ನು ಸೇರಿಸುವಾಗ ಪ್ರಸಿದ್ಧ ಕಂಪನಿಗಳ ಹೆಸರನ್ನು ಒತ್ತದೆ ‘ಇತರ’ ಎಂಬುದನ್ನು ಆರಿಸಬೇಕು. ಬಳಕೆದಾರರ ಹೆಸರೆಂದು ಕೇಳುವಲ್ಲಿ ಸಾಮಾನ್ಯವಾಗಿ ಪೂರ್ಣ ವಿಳಾಸವನ್ನೇ ಬರೆಯಬೇಕು. ಎಡಗಡೆಯ ಭಾಗವೊಂದೇ ಸಾಲದು. ಬರುವ ಅಂಚೆಗೂ ಹೋಗುವ ಅಂಚೆಗೂ ಸರ್ವರುಗಳ ವಿವರವನ್ನು ಬೇರೆಬೇರೆಯಾಗಿಯೇ ತುಂಬಬೇಕು. ಬರುವುದಕ್ಕೆ ಐಮ್ಯಾಪ್, ಪೋರ್ಟು 993. ಹೋಗುವುದಕ್ಕೆ ಎಸ್‌ಎಂಟಿಪಿ, ಪೋರ್ಟು 465 ಅಥವಾ 587. ಸರ್ವರುಗಳ ಹೆಸರನ್ನು ಕಂಪನಿಯೇ ತಿಳಿಸುವುದು. ಪಾಪ್ ಎಂಬ ಇನ್ನೊಂದು ವಿಧಾನವನ್ನು ಆರಿಸಲಾಗದು. ಅದು ಅಂಚೆಯನ್ನು ಒಂದು ಫೋನಿಗೆ ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡಬಹುದು. ಐಮ್ಯಾಪಿನಲ್ಲಿ ಕಾಗದವು ಸರ್ವರಿನಲ್ಲಿಯೇ ಉಳಿದು, ಅಧ್ಯಕ್ಷರಿಗೂ ಕಾರ್ಯದರ್ಶಿಗಳಿಗೂ ಸಮಾನವಾಗಿ ಕಾಣುವುದು. ವಿವರಗಳನ್ನು ಮುಂದಿರಿಸಿಕೊಂಡು ಕುಳಿತರೆ ಇದು ಕಾಲುಗಂಟೆಯ ಕೆಲಸ. ಮೊಬೈಲಿನಲ್ಲಿ ವಿದ್ಯುತ್ತಿನ ಬಿಲ್ಲನ್ನು ಕಟ್ಟುವವರಿಗೆ ಇದು ಅಸಾಧ್ಯವೆಂದರೆ ನಾನು ನಂಬಲಾರೆನು.

“ಕಳುಹಿದ ಕಾಗದವು ಸ್ಪ್ಯಾಮಿಗೆ ಬೀಳುವುದು” ಎಂಬ ಆಕ್ಷೇಪವು ಮಾತ್ರ ನಿರಾಧಾರವಲ್ಲ. ಡೊಮೈನಿನಲ್ಲಿ ಎಸ್‌ಪಿಎಫ್, ಡಿಕಿಮ್ ಎಂಬ ದಾಖಲೆಗಳಿಲ್ಲದಿದ್ದರೆ ಹಾಗಾಗಬಹುದು. 2024ರ ಫೆಬ್ರವರಿಯಿಂದ ಜಿಮೇಲಿನವರು ತಮ್ಮಲ್ಲಿಗೆ ಕಳುಹುವವರಿಗೆ ಇವೆರಡರಲ್ಲಿ ಒಂದನ್ನಾದರೂ ಕಡ್ಡಾಯಗೊಳಿಸಿರುವರು. ಎರಡನ್ನೂ ಒಮ್ಮೆ ಸರಿಯಾಗಿ ಬರೆಯಿಸಿಡುವುದೇ ಇದಕ್ಕೆ ಪರಿಹಾರವು, ವಿಳಾಸವನ್ನೇ ತೊರೆಯುವುದಲ್ಲ.

ವೆಚ್ಚವುಂಟು, ಅದನ್ನು ಮರೆಮಾಚೆನು. ಡೊಮೈನಿನ ಶುಲ್ಕವನ್ನು ಅವಧಿಗೆ ಸರಿಯಾಗಿ ಕಟ್ಟದಿದ್ದರೆ ಹೆಸರು ಕೈತಪ್ಪಿ ಪರರ ಪಾಲಾಗಬಹುದು. ಆದಕಾರಣ ಅದನ್ನು ಯಾವ ಸದಸ್ಯರ ಹೆಸರಿನಲ್ಲಿಯೂ ಕೊಳ್ಳದೆ ಸಂಘದ ಹೆಸರಿನಲ್ಲಿಯೇ ನೋಂದಾಯಿಸಿ, ನವೀಕರಣದ ದಿನವನ್ನು ಲೆಕ್ಕಪುಸ್ತಕದಲ್ಲಿ ಬರೆದು, ಪಾಸ್‌ವರ್ಡನ್ನು ಇಬ್ಬರು ಪದಾಧಿಕಾರಿಗಳ ವಶದಲ್ಲಿರಿಸತಕ್ಕದ್ದು.

ಸಂಘದ ಮೊಹರನ್ನೂ ನಡವಳಿ ಪುಸ್ತಕವನ್ನೂ ನಾವು ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಸಂಘದ ಕಾಗದಗಳಿಗೂ ಅಷ್ಟು ಮರ್ಯಾದೆಯು ಸಲ್ಲಬೇಡವೇ? ಇನ್ನೊಬ್ಬ ಕಾರ್ಯದರ್ಶಿಗಳ ಮರಣವನ್ನು ಕಾದು ಈ ಪಾಠವನ್ನು ಮತ್ತೊಮ್ಮೆ ಕಲಿಯುವುದು ವಿದ್ಯಾವಂತರಿಗೆ ಒಪ್ಪತಕ್ಕ ಮಾತಲ್ಲ.