ಬಿದ್ದ ಗಾಯ ಕಾಣುತ್ತದೆ, ಬಾಯಿಗೆ ಹೋದ ಕೆಸರು ಕಾಣುವುದಿಲ್ಲ

ಸೈಕಲ್ ಸ್ಪರ್ಧೆ ಎಂದೊಡನೆ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಟಾರು ರಸ್ತೆಯಲ್ಲಿ ಬಾಗಿ ಕುಳಿತು ಸಾಗುವ ದೃಶ್ಯ ನಮಗೆ ನೆನಪಾಗುತ್ತದೆ. ಫ್ರಾನ್ಸ್, ಬೆಲ್ಜಿಯಂ ಕಡೆ ಇನ್ನೊಂದು ಬಗೆಯ ಸ್ಪರ್ಧೆ ಉಂಟು. ಹೆಸರು ಸೈಕ್ಲೋಕ್ರಾಸ್. ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಅಮೆರಿಕದಲ್ಲಿ ಕಾಲೇಜು ತಂಡಗಳಿಗೆಂದೇ ರಾಷ್ಟ್ರಮಟ್ಟದ ಪಂದ್ಯ ನಡೆಯುತ್ತ ಬಂದಿದೆ. ಹುಲ್ಲು, ಮರಳು, ಕೆಸರು ತುಂಬಿದ ಸುಮಾರು 3 ಕಿ.ಮೀ. ಹಾದಿಯನ್ನು ಮತ್ತೆ ಮತ್ತೆ ಸುತ್ತಬೇಕು. ನಡುವೆ 40 ಸೆಂ.ಮೀ. ಎತ್ತರದ ಅಡ್ಡಹಲಗೆಗಳು ಬರುತ್ತವೆ. ಅಲ್ಲಿ ಹೆಚ್ಚಿನವರು ಇಳಿದು ಸೈಕಲ್ಲನ್ನು ಎತ್ತಿಕೊಂಡೇ ಓಡುತ್ತಾರೆ. ಮಳೆ ಬಂದ ದಿನ ಸ್ಪರ್ಧೆ ಮುಗಿಸಿದವರ ಮುಖದಲ್ಲಿ ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕೆಸರು!

ನಮ್ಮಲ್ಲಿ ಈ ಪಂದ್ಯದ ಹೆಸರು ಕೇಳಿದವರು ಕಡಿಮೆ. ಆದರೆ ಕಾಲೇಜು ಹುಡುಗರು ಗೇರ್ ಸೈಕಲ್ ಏರಿ ಮಳೆಗಾಲದಲ್ಲಿ ಗುಡ್ಡದ ಹಾದಿ ಹಿಡಿಯುವುದು ಈಗ ಹೊಸತೇನಲ್ಲ. ಆಗ ತಂದೆತಾಯಿಯರು ಕೇಳುವುದು ಒಂದೇ: "ಬಿದ್ದು ಕೈಕಾಲು ಮುರಿದುಕೊಂಡರೆ?" ಈ ಭಯ ಸುಳ್ಳಲ್ಲ. ಸೈಕಲ್ಲಿನಿಂದ ಬಿದ್ದವರ ಕಾಲರ್ ಮೂಳೆ ಮುರಿಯುವುದು ನಮಗೆ ಚೆನ್ನಾಗಿ ಪರಿಚಿತ. ಹೆಲ್ಮೆಟ್ ಇಲ್ಲದೆ ಸ್ಪರ್ಧೆಗೆ ಇಳಿಯಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮುರಿದ ಮೂಳೆ ಎಲ್ಲರಿಗೂ ಕಾಣುತ್ತದೆ, ಯಾರಾದರೂ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನನಗಿರುವ ಆತಂಕ ಕೆಸರಿನದು.

2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, 2008ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಗುಡ್ಡಗಾಡು ಸೈಕಲ್ ಸ್ಪರ್ಧೆಗಳು ಮುಗಿದ ಕೆಲವು ದಿನಗಳಲ್ಲಿ, ಎರಡೂ ಕಡೆ ನೂರಕ್ಕಿಂತ ಹೆಚ್ಚು ಮಂದಿ ಭೇದಿಯಿಂದ ನರಳಿದರು. ಪರೀಕ್ಷೆಯಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ರೋಗಾಣು ಸಿಕ್ಕಿತು. ಪ್ರಾಣಿಗಳ ಸಗಣಿ, ಹಿಕ್ಕೆ ಬೆರೆತ ಕೆಸರು ಚಕ್ರದಿಂದ ಸಿಡಿದು ಬಾಯಿ ಸೇರಿದ್ದೇ ಕಾರಣವೆಂದು ತನಿಖೆ ಬೊಟ್ಟುಮಾಡಿತು. ಸವಾರನ ನೀರಿನ ಬಾಟಲಿ ಎಲ್ಲಿರುತ್ತದೆ, ನೋಡಿದ್ದೀರಾ? ಎರಡು ಚಕ್ರಗಳ ನಡುವೆ, ಕೆಸರು ಸಿಡಿಯುವ ಜಾಗದಲ್ಲೇ. ಬಾಯಾರಿದಾಗ ಅದರ ತುದಿಯನ್ನು ಹಲ್ಲಿನಿಂದ ಎಳೆದು ಕುಡಿಯುತ್ತಾರೆ. ದನಕರು ಓಡಾಡುವ ನಮ್ಮ ಹಾದಿಗಳಲ್ಲಿ ಆ ತುದಿಗೆ ಏನೇನು ಅಂಟಿರಬಹುದು, ಊಹಿಸಿ.

ಈ ಭೇದಿ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ನಿಲ್ಲುತ್ತದೆ, ಓಆರ್‌ಎಸ್ ನೀರು ಕುಡಿಸುತ್ತಿದ್ದರೆ ಸಾಕು. ರಕ್ತ ಬಿದ್ದರೆ, ಜ್ವರ ಜೋರಾದರೆ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗಿಸಬೇಡಿ, ವೈದ್ಯರಿಗೆ ತೋರಿಸಿ.

ಇದಕ್ಕಿಂತ ಕಠಿಣವಾದದ್ದು ಇಲಿಜ್ವರ. ಇಲಿ, ದನಗಳ ಮೂತ್ರ ಬೆರೆತ ನೀರು, ಕೆಸರಿನಿಂದ ತರಚಿದ ಚರ್ಮದ ಮೂಲಕ ಇದು ಒಳಸೇರುತ್ತದೆ. 2000ದಲ್ಲಿ ಮಲೇಷ್ಯಾದ ಸಬಾದಲ್ಲಿ ನಡೆದ ಸಾಹಸ ಸ್ಪರ್ಧೆಯೊಂದರ ಅನೇಕ ಕ್ರೀಡಾಪಟುಗಳಿಗೆ, ತಮ್ಮ ತಮ್ಮ ದೇಶಕ್ಕೆ ಮರಳಿದ ಮೇಲೆ ಈ ಕಾಯಿಲೆ ಬಂತು. ಕರಾವಳಿ, ಮಲೆನಾಡಿನ ಓದುಗರಿಗೆ ಇಲಿಜ್ವರದ ಹೆಸರು ಹೊಸದಲ್ಲ. ಇದರ ಮುಖ್ಯ ಲಕ್ಷಣಗಳು ಜ್ವರ, ತಲೆನೋವು, ಕಣ್ಣು ಕೆಂಪಾಗುವುದು ಮತ್ತು ಮೀನಖಂಡಗಳಲ್ಲಿ ವಿಪರೀತ ನೋವು. ತೊಡಕು ಇರುವುದೇ ಇಲ್ಲಿ. ಸೈಕಲ್ ತುಳಿದವನಿಗೆ ಮೀನಖಂಡ ನೋಯುವುದು ಸಹಜವಲ್ಲವೇ? ಮನೆಯವರು ಎಣ್ಣೆ ತಿಕ್ಕಿ ಮಲಗಿಸುತ್ತಾರೆ. ತುಳಿದ ನೋವು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಅದರಿಂದ ಜ್ವರ ಬರುವುದಿಲ್ಲ. ಸ್ಪರ್ಧೆಯಾಗಿ ಒಂದೆರಡು ವಾರಕ್ಕೆ ಜ್ವರದ ಜೊತೆ ಈ ನೋವು ಕಾಣಿಸಿಕೊಂಡರೆ, ಮಗ ಕೆಸರಿನಲ್ಲಿ ಸೈಕಲ್ ತುಳಿದಿದ್ದ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯೋಟಿಕ್‌ನಲ್ಲಿ ಗುಣವಾಗುವ ಕಾಯಿಲೆ ಇದು. ತಡವಾದರೆ ಕಾಮಾಲೆಗೆ ತಿರುಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಧನುರ್ವಾಯು ಚುಚ್ಚುಮದ್ದಿನ ವಿಷಯದಲ್ಲಿ ನಮ್ಮ ಜನರ ರೀತಿ ವಿಚಿತ್ರ. ಚಿಕ್ಕ ಗೀರು ಬಿದ್ದರೂ ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವವರು ಒಂದೆಡೆ, 10 ಮತ್ತು 16ನೇ ವಯಸ್ಸಿನಲ್ಲಿ ಹಾಕಿಸಲೇಬೇಕಾದುದನ್ನು ಮರೆತುಬಿಡುವವರು ಇನ್ನೊಂದೆಡೆ. ಬಾಲ್ಯದ ಲಸಿಕೆಗಳೆಲ್ಲ ಸರಿಯಾಗಿ ಆಗಿದ್ದರೆ, ಕೊಳಕು ಗಾಯವಾದರೂ ಕೊನೆಯ ಚುಚ್ಚುಮದ್ದು ಪಡೆದು 5 ವರ್ಷ ಕಳೆದಿದ್ದರೆ ಮಾತ್ರ ಮತ್ತೊಂದು ಬೇಕು. ಗಾಯಕ್ಕೆ ಅರಿಶಿನ, ಕಾಫಿ ಪುಡಿ ಮೆತ್ತದೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಐದಾರು ನಿಮಿಷ ತೊಳೆಯಿರಿ.

ಇಷ್ಟೆಲ್ಲ ಓದಿ ಮಗಳ ಸೈಕಲ್ಲಿಗೆ ಬೀಗ ಹಾಕಲು ಹೊರಟಿರಾದರೆ, ದಯವಿಟ್ಟು ಬೇಡ. ಹದಿನೆಂಟರ ವಯಸ್ಸಿನಲ್ಲಿ ಕುರ್ಚಿಗೆ ಅಂಟಿ ಕೂತವರನ್ನು ನೋಡಿ ನೋಡಿ ಬೇಸತ್ತಿರುವ ನನಗೆ ಕೆಸರು ಮೆತ್ತಿಕೊಂಡು ಬರುವ ಮಕ್ಕಳೇ ಮೇಲು. ನನ್ನ ತಕರಾರು ಕಾಲೇಜುಗಳ ಮೇಲೆ. ತಂಡಕ್ಕೆ ಬಣ್ಣದ ಜರ್ಸಿ ಹೊಲಿಸುತ್ತಾರೆ, ಬ್ಯಾನರ್ ಕಟ್ಟುತ್ತಾರೆ. ಆದರೆ ಓಟ ಮುಗಿಯುವಲ್ಲಿ ಒಂದು ಡ್ರಮ್ ಶುದ್ಧ ನೀರು, ಸೋಪು ಇಡುವುದಿಲ್ಲ. ಕೆಸರುಗೈಯಲ್ಲೇ ಬಾಳೆಹಣ್ಣು ಹಂಚುತ್ತಾರೆ. ಹಾದಿ ಗುರುತಿಸುವಾಗ ಕೊಟ್ಟಿಗೆಯ ಹಿಂದುಗಡೆಯನ್ನು ಬಿಟ್ಟು ಹೋಗಿ ಎಂದು ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಹೇಳುವವರಿಲ್ಲ. ಮುಂದಿನ ಸಲ ಕಾಲೇಜಿನಿಂದ ಒಪ್ಪಿಗೆ ಪತ್ರ ಸಹಿಗೆ ಬಂದಾಗ ನೀರಿನ ಏರ್ಪಾಡು ಏನು ಎಂದು ಕೇಳಿಯೇ ಸಹಿ ಹಾಕಿ. ಹಾಗೆಯೇ ಬಾಟಲಿಯ ಬಾಯಿಗೆ ಮುಚ್ಚಳವಿದೆಯೇ ಎಂದೂ ನೋಡಿ.